ಆಟಗಾರನ ಮೈಗೆ ಇಬ್ಬರು ಒಡೆಯರು

1914ನೆಯ ಇಸವಿಯ ಜುಲೈ 4ನೆಯ ತಾರೀಖು, ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ರಗ್ಬಿ ಲೀಗ್ ತಂಡವು ಆಸ್ಟ್ರೇಲಿಯದ ಎದುರು ಆಟಕ್ಕಿಳಿಯಿತು. ಎಂಟು ದಿನಗಳ ಅವಧಿಯಲ್ಲಿ ಆ ತಂಡ ಆಡುತ್ತಿದ್ದ ಮೂರನೆಯ ಟೆಸ್ಟ್ ಪಂದ್ಯ ಅದು. ಮೊದಲನೆಯದು ಜೂನ್ 27ರಂದು ನಡೆದಿತ್ತು, ಎರಡನೆಯದು 29ರಂದು. ಹುಡುಗರ ಮೈಯಲ್ಲಿ ನೋವಿಲ್ಲದ ಜಾಗವಿರಲಿಲ್ಲ. ಇಷ್ಟು ಬೇಗ ಇನ್ನೊಂದು ಟೆಸ್ಟ್ ಬೇಡವೆಂದು ತಂಡದ ವ್ಯವಸ್ಥಾಪಕರು ತಕರಾರು ಮಾಡಿದರು. ಆದರೆ ಸ್ವದೇಶದ ಅಧಿಕಾರಿಗಳಿಂದ ತಂತಿ ಬಂದಿತು: ಆಡಲೇಬೇಕು. ಆ ಕಾಲದಲ್ಲಿ ಬದಲಿ ಆಟಗಾರನನ್ನು ಇಳಿಸುವ ಪದ್ಧತಿಯಿರಲಿಲ್ಲ. ಡಗ್ಲಾಸ್ ಕ್ಲಾರ್ಕ್ ಎಂಬಾತನ ಹೆಬ್ಬೆರಳು ಮುರಿಯಿತು, ಕಟ್ಟಿಕೊಂಡು ಆಡಿದ. ಬಳಿಕ ಕೊರಳೆಲುಬು ಮುರಿಯಿತು, ಆಗ ಹೊರಗೆ ಹೋಗದೆ ವಿಧಿಯಿರಲಿಲ್ಲ. ಹದಿಮೂರು ಮಂದಿಯಲ್ಲಿ ಹತ್ತೇ ಮಂದಿ ಉಳಿದರು. ನಾಯಕ ಹೆರಾಲ್ಡ್ ವ್ಯಾಗ್‌ಸ್ಟಾಫನ ಆ ಹತ್ತು ಮಂದಿ 14ಕ್ಕೆ 6ರಂತೆ ಗೆದ್ದುಬಿಟ್ಟರು. ಜೂಲು ಯುದ್ಧದ ಕಾಲದಲ್ಲಿ ಸಣ್ಣದೊಂದು ದಂಡು ದೊಡ್ಡ ಸೇನೆಯನ್ನು ತಡೆದು ನಿಲ್ಲಿಸಿದ ಸ್ಥಳದ ಹೆಸರನ್ನೇ ಈ ಪಂದ್ಯಕ್ಕೂ ಇಟ್ಟು, ಇಂದಿಗೂ ಅದನ್ನು ‘ರೋರ್ಕ್ಸ್ ಡ್ರಿಫ್ಟ್ ಟೆಸ್ಟ್’ ಎಂದು ಕರೆಯುತ್ತಾರೆ.

ಈ ಕಥೆಯನ್ನು ಕೆಚ್ಚಿನ ಕಥೆಯೆಂದು ಹೇಳುವುದು ವಾಡಿಕೆ. ಅದು ಕೆಚ್ಚಿನ ಕಥೆ ಹೌದು. ಆದರೆ ನಾವು ಅದನ್ನು ಬೇರೊಂದು ಕಾರಣಕ್ಕಾಗಿ ಇಲ್ಲಿ ನೆನೆದಿದ್ದೇವೆ. ಆಟಗಾರನ ಮೈಯನ್ನು ಎಷ್ಟು ದುಡಿಸಬಹುದು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಅಂದು ಆ ತಂತಿಯೊಳಗೆ ಅಡಗಿತ್ತು. ನೂರು ವರ್ಷಗಳಿಗೂ ಮಿಕ್ಕಿ ಕಾಲ ಕಳೆದರೂ ಅದು ತೀರ್ಮಾನವಾಗಿಲ್ಲ. ಇಂದು ಅದಕ್ಕೆ ‘ಕ್ಲಬ್ಬು ಮುಖ್ಯವೋ, ದೇಶದ ತಂಡ ಮುಖ್ಯವೋ’ ಎಂಬ ರೂಪ ಬಂದಿದೆ. ವಿಜ್ಞಾನದ ಪತ್ರಿಕೆಗೂ ಆಟದ ಜಗಳಕ್ಕೂ ಏನು ಸಂಬಂಧವೆಂದು ನಮ್ಮ ವಾಚಕರು ಕೇಳಬಹುದು. ಈ ಜಗಳದಲ್ಲಿ ಎರಡು ಕಡೆಯವರೂ ‘ಆಟಗಾರನ ಆರೋಗ್ಯ’ ಎಂಬ ಮಾತನ್ನೇ ಆಯುಧವಾಗಿ ಬಳಸುತ್ತಾರೆ. ಆರೋಗ್ಯದ ಮಾತು ಬಂದೊಡನೆ ಅದು ಶರೀರಶಾಸ್ತ್ರದ ಮುಂದೆ ಸಾಕ್ಷಿ ಹೇಳಬೇಕಾದ ಮಾತಾಗುತ್ತದೆ.

ರಗ್ಬಿ ಲೀಗನ್ನು ಕಾಣದವರಿಗೆ ಒಂದೆರಡು ಮಾತು. ಕಬಡ್ಡಿಯಲ್ಲಿ ಒಳನುಗ್ಗಿದವನನ್ನು ಹಿಡಿದು ಕೆಡವುವುದನ್ನು ನೀವು ನೋಡಿದ್ದೀರಿ. ಅದೇ ಕೆಲಸವನ್ನು ನೂರು ಮೀಟರು ಉದ್ದದ ಬಯಲಿನಲ್ಲಿ, ಪೂರ್ಣ ಓಟದಲ್ಲಿ, ಎಂಬತ್ತು ನಿಮಿಷಗಳ ಕಾಲ ಮಾಡುವುದೆಂದು ಊಹಿಸಿಕೊಳ್ಳಿ. ಪಕ್ಷಕ್ಕೆ ಹದಿಮೂರು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡುವವನನ್ನು ಎದುರಿನವರು ತಬ್ಬಿ ನೆಲಕ್ಕೆ ಕೆಡವುತ್ತಾರೆ. ಇದಕ್ಕೆ ಟ್ಯಾಕಲ್ ಎಂದು ಹೆಸರು. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟವನ್ನು ಮುಂದುವರಿಸುತ್ತಾನೆ. ಆರು ಟ್ಯಾಕಲುಗಳಾದ ಮೇಲೆ ಚೆಂಡು ಎದುರಾಳಿಗೆ ಹೋಗುತ್ತದೆ. ಪ್ರತಿ ಟ್ಯಾಕಲ್ ಆದ ಮೇಲೂ ರಕ್ಷಕರ ಸಾಲು ಹತ್ತು ಮೀಟರು ಹಿಂದೆ ಸರಿದು, ಮರುಕ್ಷಣವೇ ಮುನ್ನುಗ್ಗಿ ಬರಬೇಕು. ಮುಂಚೂಣಿಯ ಆಟಗಾರನೊಬ್ಬ ಒಂದು ಪಂದ್ಯದಲ್ಲಿ ಮೂವತ್ತು ನಲವತ್ತು ಟ್ಯಾಕಲುಗಳನ್ನು ಮಾಡುವುದು ಸಾಮಾನ್ಯ. ತಾನು ಚೆಂಡು ಹಿಡಿದು ಓಡಿ ಕೆಡವಿಸಿಕೊಂಡ ಸರದಿಗಳು ಬೇರೆ.

ಈಗ ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ನೂರು ಕಿಲೋಗ್ರಾಂ ತೂಕದ ಆಟಗಾರ ಸೆಕೆಂಡಿಗೆ ಐದು ಮೀಟರು ವೇಗದಲ್ಲಿ ಬರುತ್ತಿದ್ದರೆ ಅವನ ಚಲನಶಕ್ತಿ 1,250 ಜೌಲ್. ಒಂದೂಕಾಲು ಮೀಟರು ಎತ್ತರದಿಂದ ನೆಲಕ್ಕೆ ಬಿದ್ದರೆ ಅವನ ಮೈ ಗಳಿಸುವ ಶಕ್ತಿಯೂ ಸುಮಾರು ಅಷ್ಟೆ. ಎದುರಿನಿಂದ ಅಷ್ಟೇ ತೂಕದವನು ಅಷ್ಟೇ ವೇಗದಲ್ಲಿ ಬಂದು ಇಬ್ಬರೂ ನಿಂತುಹೋದರೆ 2,500 ಜೌಲುಗಳಷ್ಟು ಶಕ್ತಿ ಎಲ್ಲಿಗಾದರೂ ಹೋಗಲೇಬೇಕಷ್ಟೆ? ಅದು ಹೋಗುವುದು ಸ್ನಾಯುಗಳಿಗೆ, ಕಂಡರಗಳಿಗೆ, ಕೀಲುಗಳಿಗೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ ಐದರಿಂದ ಆರಕ್ಕೆ ಏರಿದರೆ ಶಕ್ತಿ ನೂರಕ್ಕೆ ನಲವತ್ತನಾಲ್ಕು ಪಾಲು ಹೆಚ್ಚುತ್ತದೆ. ಹಿಂದೆ ರಕ್ಷಕರು ಸರಿಯಬೇಕಾದ ದೂರ ಐದು ಮೀಟರು ಮಾತ್ರವಿತ್ತು. 1990ರ ದಶಕದ ಆದಿಯಲ್ಲಿ ಅದನ್ನು ಹತ್ತಕ್ಕೆ ಏರಿಸಿದರು. ಆಟ ಚುರುಕಾಯಿತು, ನೋಡುವವರಿಗೆ ಸೊಗಸಾಯಿತು. ಒಂದೇ ವೇಗೋತ್ಕರ್ಷದಿಂದ ಓಡುವವನಿಗೆ ಎರಡರಷ್ಟು ದೂರ ದೊರೆತರೆ ಅವನು ಎರಡರಷ್ಟು ಶಕ್ತಿಯನ್ನು ಕೂಡಿಸಿಕೊಳ್ಳುತ್ತಾನೆಂಬುದನ್ನು ನಿಯಮ ಬರೆದವರು ಲೆಕ್ಕಹಾಕಿದ್ದರೋ ಇಲ್ಲವೋ! ಮನುಷ್ಯ ಯಂತ್ರವಲ್ಲವಾದುದರಿಂದ ಲೆಕ್ಕ ಇಷ್ಟು ಸರಳವಾಗಿ ನಡೆಯುವುದಿಲ್ಲವೆಂಬುದು ನಿಜ. ಆದರೆ ದಿಕ್ಕು ಯಾವುದೆಂಬುದು ಸ್ಪಷ್ಟ.

ಪಂದ್ಯ ಮುಗಿದ ಮೇಲೆ ಒಳಗೆ ಏನಾಗುತ್ತದೆ? ಸ್ನಾಯುವಿನ ಎಳೆಗಳು ಹರಿದಾಗ ಅವುಗಳೊಳಗಿನ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವು ರಕ್ತಕ್ಕೆ ಸೋರುತ್ತದೆ. ಒಂದು ಹನಿ ರಕ್ತದಿಂದ ಅದನ್ನು ಅಳೆಯಬಹುದು. ರಗ್ಬಿ ಲೀಗ್ ಆಟಗಾರರನ್ನು ಹೀಗೆ ಪರೀಕ್ಷಿಸಿದ ಅಧ್ಯಯನಗಳಲ್ಲಿ ಕಿಣ್ವದ ಮಟ್ಟ ಪಂದ್ಯದ ಮರುದಿನ ತುತ್ತತುದಿಗೇರಿ, ಐದು ದಿನಗಳಾದರೂ ಮೊದಲಿನ ಮಟ್ಟಕ್ಕೆ ಇಳಿಯದಿದ್ದುದು ಕಂಡುಬಂದಿದೆ. ನಿಂತಲ್ಲೇ ಮೇಲಕ್ಕೆ ನೆಗೆಯುವ ಬಲವನ್ನು ಅಳೆದರೆ ಅದು ಎರಡು ದಿನಗಳಲ್ಲಿ ಹೆಚ್ಚುಕಡಮೆ ಮರಳಿರುತ್ತದೆ. ಅಂದರೆ ಆಟಗಾರನಿಗೆ ‘ನಾನು ಸರಿಯಾದೆ’ ಎಂದು ತೋರುವ ಹೊತ್ತಿಗೆ ಒಳಗಿನ ದುರಸ್ತಿ ಇನ್ನೂ ಅರ್ಧದಲ್ಲಿರುತ್ತದೆ. ವಾರಕ್ಕೊಂದು ಪಂದ್ಯವೆಂಬುದು ಈ ದುರಸ್ತಿಗೆ ಸಾಲುವಷ್ಟು ಮಾತ್ರದ ಅವಕಾಶ. ನಡುವೆ ಬುಧವಾರ ಇನ್ನೊಂದು ಪಂದ್ಯ ಬಂದರೆ ಅವಕಾಶ ಉಳಿಯುವುದಿಲ್ಲ.

ಸ್ನಾಯು ಹರಿದರೆ ಕೂಡುತ್ತದೆ. ಮಿದುಳಿನ ಮಾತು ಬೇರೆ. ತಲೆ ಫಕ್ಕನೆ ತಿರುಗಿದಾಗ ಒಳಗಿನ ಮೆತ್ತನೆಯ ಮಿದುಳು ತುಸು ತಡವಾಗಿ ತಿರುಗುತ್ತದೆ. ಆ ಎಳೆತದಲ್ಲಿ ನರತಂತುಗಳು ಜಗ್ಗುತ್ತವೆ. ಇದಕ್ಕೆ ತಲೆಗೆ ನೇರವಾಗಿ ಪೆಟ್ಟು ಬೀಳಬೇಕೆಂದಿಲ್ಲ, ಎದೆಗೆ ಬಿದ್ದ ಪೆಟ್ಟೂ ಸಾಕು. 2019ರಲ್ಲಿ ಆಸ್ಟ್ರೇಲಿಯದ ವೈದ್ಯವಿಜ್ಞಾನಿಗಳು ಮೃತರಾದ ಇಬ್ಬರು ಹಳೆಯ ರಗ್ಬಿ ಲೀಗ್ ಆಟಗಾರರ ಮಿದುಳಿನಲ್ಲಿ, ಮತ್ತೆ ಮತ್ತೆ ಪೆಟ್ಟು ತಿಂದವರಲ್ಲಿ ಕಾಣುವ ಸಿ.ಟಿ.ಇ. ಎಂಬ ರೋಗದ ಗುರುತುಗಳನ್ನು ಕಂಡು ವರದಿಮಾಡಿದರು. ಇಂಥ ಹಾನಿಗೆ ಮುಖ್ಯ ಕಾರಣ ಒಂದೆರಡು ದೊಡ್ಡ ಪೆಟ್ಟುಗಳಲ್ಲ, ವರ್ಷಾನುವರ್ಷ ಒಟ್ಟುಗೂಡಿದ ಸಣ್ಣ ಪೆಟ್ಟುಗಳ ಮೊತ್ತ ಎಂಬ ಅಭಿಪ್ರಾಯ ವಿಜ್ಞಾನಿಗಳಲ್ಲಿ ಬಲಗೊಳ್ಳುತ್ತಿದೆ. ಈ ಮಾತನ್ನು ನಮ್ಮ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮೊತ್ತವೇ ಮುಖ್ಯವಾದರೆ, ಪೆಟ್ಟು ಕ್ಲಬ್ಬಿನ ಅಂಗಿ ತೊಟ್ಟಾಗ ಬಿತ್ತೋ ದೇಶದ ಅಂಗಿ ತೊಟ್ಟಾಗ ಬಿತ್ತೋ ಎಂಬ ವಿಚಾರ ಮಿದುಳಿಗೆ ತಿಳಿಯದು.

ಇನ್ನು ಜಗಳದ ಹುಟ್ಟನ್ನು ನೋಡೋಣ. ಈ ಆಟ ಹುಟ್ಟಿದ್ದೇ ಮೈಯ ಕೂಲಿಯ ಪ್ರಶ್ನೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಗಣಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುತ್ತಿದ್ದವರು ಶನಿವಾರ ರಗ್ಬಿ ಆಡಲು ಹೋದರೆ ಆ ದಿನದ ಕೂಲಿಗೆ ಎರವಾಗುತ್ತಿದ್ದರು. ಆ ಕೂಲಿಯನ್ನು ತುಂಬಿಕೊಡುತ್ತೇವೆಂದು ಉತ್ತರದ ಕ್ಲಬ್ಬುಗಳು ಹೇಳಿದುವು. ಹಣ ಮುಟ್ಟಿದರೆ ಆಟ ಮಲಿನವಾಗುತ್ತದೆಂದು ದಕ್ಷಿಣದ ಸಿರಿವಂತ ಮಹನೀಯರು ಹಟಹಿಡಿದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ನಗರದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆಸೇರಿ ಬೇರೆಯಾದುವು. ಆದುದರಿಂದ ಈ ಆಟದಲ್ಲಿ ಕ್ಲಬ್ಬೇ ಹೆತ್ತ ತಾಯಿ. ದೇಶದ ತಂಡ ಆಮೇಲೆ ಬಂದುದು. 1907ರಲ್ಲಿ ಆಲ್ಬರ್ಟ್ ಬಾಸ್ಕರ್‌ವಿಲ್ ಎಂಬ ನ್ಯೂಜಿಲೆಂಡಿನ ತರುಣ ಸ್ವಂತ ಸಾಹಸದಿಂದ ಒಂದು ತಂಡ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದುದರಿಂದ ದೇಶದೇಶಗಳ ನಡುವಣ ಆಟ ಮೊದಲಾಯಿತು. 1954ರಲ್ಲಿ ಫ್ರಾನ್ಸಿನಲ್ಲಿ ಮೊದಲ ವಿಶ್ವಕಪ್ ನಡೆದು ಬ್ರಿಟನ್ ಗೆದ್ದಿತು. ಅಣ್ಣನಾದ ರಗ್ಬಿ ಯೂನಿಯನ್ ತನ್ನ ವಿಶ್ವಕಪ್ಪನ್ನು ಕಂಡದ್ದು 1987ರಲ್ಲಿ ಎಂಬುದನ್ನು ನೆನೆದರೆ, ಈ ತಮ್ಮ ಎಷ್ಟು ಮುಂದಿದ್ದ ಎಂಬುದು ತಿಳಿಯುತ್ತದೆ.

ಹಡಗಿನ ಕಾಲದ ಪ್ರವಾಸಗಳಲ್ಲಿ ಒಂದು ಗುಣವಿತ್ತು. 1946ರಲ್ಲಿ ಬ್ರಿಟಿಷ್ ತಂಡ ‘ಇಂಡಾಮಿಟಬಲ್’ ಎಂಬ ವಿಮಾನವಾಹಕ ಯುದ್ಧನೌಕೆಯಲ್ಲಿ ಆಸ್ಟ್ರೇಲಿಯಕ್ಕೆ ಹೋಯಿತು. ವಾರಗಟ್ಟಲೆ ಸಮುದ್ರ, ಆಮೇಲೆ ಬಯಲುನಾಡನ್ನು ಹಾಯ್ದು ಹೋಗುವ ರೈಲು. ಕಡಲಮೇಲೆ ದಿನಕ್ಕಿಷ್ಟು ನಿಮಿಷಗಳಂತೆ ಗಡಿಯಾರ ಸರಿಯುತ್ತಿದ್ದುದರಿಂದ ಮೈಯೊಳಗಿನ ಗಡಿಯಾರವೂ ಜೊತೆಜೊತೆಗೆ ಸರಿಯುತ್ತಿತ್ತು. ಋತುವಿಡೀ ಪೆಟ್ಟು ತಿಂದ ಮೈಗೆ ವಿಶ್ರಾಂತಿಯೂ ದೊರೆಯುತ್ತಿತ್ತು. ಆ ತಂಡ ಮೂರು ಟೆಸ್ಟುಗಳಲ್ಲಿ ಒಂದನ್ನೂ ಸೋಲಲಿಲ್ಲ. ಇಂದು ಸಿಡ್ನಿಯಿಂದ ಲಂಡನ್ನಿಗೆ ಒಂದು ಹಗಲು ರಾತ್ರಿಯಲ್ಲಿ ಹಾರಿಹೋಗಬಹುದು. ಆದರೆ ಶರೀರದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲುದು. ಹತ್ತು ಗಂಟೆಗಳ ಅಂತರಕ್ಕೆ ಒಂದು ವಾರಕ್ಕೂ ಮೇಲೆ ಬೇಕು. ಹಡಗು ನಿಧಾನವಾಗಿದ್ದುದು ದೋಷವೆಂದು ನಾವು ಬಗೆದಿದ್ದೆವು!

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಈ ಜಗಳವನ್ನು ಕುರಿತು ಮಾತನಾಡುವವರು ಅದನ್ನು ಮರೆತುಬಿಡುತ್ತಾರೆಂದು ನಮಗೆ ಅನ್ನಿಸುತ್ತದೆ. ಹಿಂದೆ ಇಂಗ್ಲೆಂಡಿನಲ್ಲಿ ಆಟ ನಡೆಯುತ್ತಿದ್ದುದು ಅಲ್ಲಿಯ ಚಳಿಗಾಲದಲ್ಲಿ, ಆಸ್ಟ್ರೇಲಿಯದಲ್ಲಿ ನಡೆಯುತ್ತಿದ್ದುದು ಅಲ್ಲಿಯ ಚಳಿಗಾಲದಲ್ಲಿ. ಭೂಗೋಳದ ಕೃಪೆಯಿಂದ ಒಬ್ಬರ ಋತು ಮುಗಿದಾಗ ಇನ್ನೊಬ್ಬರದು ನಡೆಯುತ್ತಿತ್ತು. ಪ್ರವಾಸ ತಂಡ ತನ್ನ ಬಿಡುವಿನಲ್ಲಿ ಹೊರಡುತ್ತಿತ್ತು. 1995ರಲ್ಲಿ ದೂರದರ್ಶನದ ಹಕ್ಕಿಗಾಗಿ ಆಸ್ಟ್ರೇಲಿಯದಲ್ಲಿ ‘ಸೂಪರ್ ಲೀಗ್ ಯುದ್ಧ’ವೆಂದು ಹೆಸರಾದ ಕಲಹ ಎದ್ದಿತು. ರೂಪರ್ಟ್ ಮರ್ಡಾಕರ ಸಂಸ್ಥೆ ಎರಡು ಭೂಖಂಡಗಳ ಆಟದ ಮೇಲೂ ಹಣ ಹೂಡಿತು. ಅದರ ಫಲವಾಗಿ 1996ರಿಂದ ಇಂಗ್ಲೆಂಡಿನ ಆಟ ಬೇಸಗೆಗೆ ಬದಲಾಯಿತು. ಈಗ ಎರಡು ಕಡೆಯ ಋತುವೂ ಒಂದೇ ಸಲ ಆರಂಭವಾಗಿ ಒಂದೇ ಸಲ ಮುಗಿಯುತ್ತದೆ. ದೇಶದ ಪಂದ್ಯಗಳಿಗೆ ಉಳಿದುದು ಅಕ್ಟೋಬರ್ ನವೆಂಬರ್ ಮಾತ್ರ. ಆಗ ಇಬ್ಬರೂ ಬಳಲಿರುತ್ತಾರೆ. ಬೆಳೆ ಕೊಯ್ದು ಒಕ್ಕಣೆ ಮುಗಿಸಿ ಬಂದ ಎತ್ತನ್ನು ಅದೇ ಸಂಜೆ ಇನ್ನೊಬ್ಬನ ಗಾಡಿಗೆ ಹೂಡಿದಂತೆ.

ಈಗ ಲೆಕ್ಕ ಹಿಡಿಯೋಣ. ಆಸ್ಟ್ರೇಲಿಯದ ಎನ್.ಆರ್.ಎಲ್. ಎಂಬ ಕ್ಲಬ್ಬುಗಳ ಪಂದ್ಯಾವಳಿಯಲ್ಲಿ 2023ರಿಂದ ಪ್ರತಿ ಕ್ಲಬ್ಬಿಗೂ 24 ಪಂದ್ಯಗಳು. ಅಂತಿಮ ಘಟ್ಟಕ್ಕೆ ಹೋದವರಿಗೆ ಹೆಚ್ಚೆಂದರೆ ಇನ್ನು ನಾಲ್ಕು. ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್ ಸಂಸ್ಥಾನಗಳ ನಡುವಣ ‘ಸ್ಟೇಟ್ ಆಫ್ ಆರಿಜಿನ್’ ಪಂದ್ಯಗಳು ಮೂರು. ಋತುವಿನ ಕೊನೆಗೆ ಟೆಸ್ಟುಗಳು ಮೂರು ಎಂದಿಟ್ಟುಕೊಂಡರೆ ಒಟ್ಟು ಮೂವತ್ತನಾಲ್ಕು. ವಿಶ್ವಕಪ್ ಇದ್ದು, 2022ರಲ್ಲಿ ಆದಂತೆ ಫೈನಲ್ ಸೇರಿ ಆರು ಪಂದ್ಯಗಳಾದರೆ ಮೂವತ್ತೇಳು. ಯಾವನೊಬ್ಬನೂ ಎಲ್ಲವನ್ನೂ ಆಡಲಾರ, ಇದು ಮೇಲ್ಮಿತಿ. ಆದರೆ ಈ ಮೊತ್ತದಲ್ಲಿ ದೇಶದ ಪಾಲು ಎಷ್ಟೆಂಬುದನ್ನು ಗಮನಿಸಿ. ಸಾಮಾನ್ಯ ವರ್ಷದಲ್ಲಿ ಹನ್ನೊಂದರಲ್ಲಿ ಒಂದು ಪಾಲೂ ಇಲ್ಲ. ಹೀಗಿದ್ದೂ ‘ಹೊರೆ ಹೆಚ್ಚಾಯಿತು’ ಎಂಬ ಕೂಗು ಎದ್ದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಆ ಮೂರರ ಮೇಲೆ!

ಕ್ಲಬ್ಬುಗಳ ವಾದ ಹುರುಳಿಲ್ಲದ್ದೆಂದು ನಾವು ಹೇಳುವುದಿಲ್ಲ. ಸಂಬಳ ಕೊಡುವವರು ಅವರು. ಹದಿಹರೆಯದ ಹುಡುಗನನ್ನು ಗುರುತಿಸಿ, ಉಣಿಸಿ, ಪಳಗಿಸಿದವರು ಅವರು. ದೇಶದ ಪಂದ್ಯದಲ್ಲಿ ಅವನ ಮೊಣಕಾಲಿನ ಬಂಧಕ ಹರಿದರೆ ಒಂಬತ್ತು ತಿಂಗಳು ಆಟಗಾರನನ್ನು ಕಳೆದುಕೊಳ್ಳುವವರೂ ಅವರೇ. ಸಂಬಳಕ್ಕೆ ಒಟ್ಟು ಮಿತಿಯಿರುವುದರಿಂದ ಬದಲಿಯೊಬ್ಬನನ್ನು ಕೊಂಡುತರುವುದೂ ಸುಲಭವಲ್ಲ. ಚಿಕ್ಕ ಊರಿನ ಬಡ ಕ್ಲಬ್ಬಿಗೆ ಒಬ್ಬ ಒಳ್ಳೆಯ ಆಟಗಾರನ ಗಾಯವೆಂದರೆ ಇಡೀ ವರ್ಷದ ನಷ್ಟ.

ಆದರೆ ಆರೋಗ್ಯದ ವಾದವನ್ನು ಅವರು ಎಲ್ಲ ಕಡೆಯೂ ಒಂದೇ ಸಮನಾಗಿ ಬಳಸುತ್ತಾರೆಯೆ? ಎರಡು ನಿದರ್ಶನಗಳನ್ನು ಪರಿಶೀಲಿಸೋಣ.

2018ರ ಜೂನ್ 23ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಇಂಗ್ಲೆಂಡಿಗೂ ನ್ಯೂಜಿಲೆಂಡಿಗೂ ಟೆಸ್ಟ್ ಏರ್ಪಟ್ಟಿತು. ಎರಡು ತಂಡಗಳಲ್ಲೂ ಎನ್.ಆರ್.ಎಲ್. ಕ್ಲಬ್ಬುಗಳ ಆಟಗಾರರಿದ್ದರು; ಕ್ಲಬ್ಬುಗಳು ಬಲವಾಗಿ ವಿರೋಧಿಸಿದುವು. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರು ಎತ್ತರದಲ್ಲಿದೆ, ಗಾಳಿ ತೆಳು, ಪ್ರಯಾಣ ದೂರ, ಮರಳಿದ ಕೂಡಲೆ ಕ್ಲಬ್ಬಿನ ಪಂದ್ಯವಿದೆ ಎಂಬುದು ಅವರ ಮಾತು. ಎತ್ತರದ ಮಾತನ್ನು ಮೊದಲು ತೂಗಿನೋಡೋಣ. ಅಷ್ಟು ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಎಂಬತ್ತಮೂರು ಪಾಲಿನಷ್ಟು. ಆಮ್ಲಜನಕದ ಒತ್ತಡವೂ ಅಷ್ಟೇ ಇಳಿಯುತ್ತದೆ. ಆದರೆ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ರೀತಿ ವಿಚಿತ್ರವಾದುದು. ಒತ್ತಡ ಸ್ವಲ್ಪ ಇಳಿದರೂ ಅದು ತನ್ನ ಹಿಡಿತವನ್ನು ಸುಲಭವಾಗಿ ಬಿಡುವುದಿಲ್ಲ. ಆದುದರಿಂದ ಆರೋಗ್ಯವಂತನಿಗೆ ಡೆನ್ವರಿನಲ್ಲಿ ಬೇಗ ಏದುಸಿರು ಬರುತ್ತದೆಯೇ ಹೊರತು ಅಪಾಯವೇನೂ ಒದಗುವುದಿಲ್ಲ. ಅದೇ ನಗರದಲ್ಲಿ ಅಮೆರಿಕನ್ ಫುಟ್‌ಬಾಲನ್ನು ವರ್ಷವರ್ಷವೂ ಆಡುತ್ತಾರೆ. ಪ್ರಯಾಣದ ಆಕ್ಷೇಪಣೆಯಲ್ಲಿ ಮಾತ್ರ ತಥ್ಯವಿತ್ತು. ಶಾಂತಸಾಗರವನ್ನು ಒಂದೇ ವಾರದಲ್ಲಿ ಎರಡು ಸಲ ದಾಟಿ ಬಂದವನ ನಿದ್ರೆ ನೆಟ್ಟಗಿರುವುದಿಲ್ಲ. ಗಟ್ಟಿಯಾದ ವಾದವೊಂದು ಕೈಯಲ್ಲಿದ್ದಾಗ ಟೊಳ್ಳು ವಾದವನ್ನು ಮುಂದೊಡ್ಡಿದುದೇಕೋ! ಕೊನೆಗೆ ಪಂದ್ಯ ನಡೆಯಿತು. 19,320 ಮಂದಿ ನೋಡಿದರು. ಇಂಗ್ಲೆಂಡು 36ಕ್ಕೆ 18ರಂತೆ ಗೆದ್ದಿತು. ಮುಂದಿನ ವರ್ಷಗಳಿಗೆ ಯೋಚಿಸಿದ್ದ ಅಲ್ಲಿಯ ಪಂದ್ಯಗಳು ನಡೆಯಲಿಲ್ಲ.

ಎರಡನೆಯ ನಿದರ್ಶನ ಇದಕ್ಕಿಂತ ಗಂಭೀರವಾದುದು. 2021ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೆಯಬೇಕಾಗಿತ್ತು. ಜುಲೈ 22ರಂದು ಆಸ್ಟ್ರೇಲಿಯವೂ ನ್ಯೂಜಿಲೆಂಡೂ ಕೋವಿಡ್ ಸಾಂಕ್ರಾಮಿಕದಿಂದ ಆಟಗಾರರ ಕ್ಷೇಮಕ್ಕೆ ಧಕ್ಕೆಯಿದೆಯೆಂದು ಹಿಂದೆಗೆದುವು. ಪೆಸಿಫಿಕ್ ದ್ವೀಪಗಳ ತಂಡಗಳಲ್ಲಿಯೂ ಆಸ್ಟ್ರೇಲಿಯದ ಕ್ಲಬ್ಬುಗಳ ಆಟಗಾರರೇ ತುಂಬಿರುವುದರಿಂದ ಪಂದ್ಯಾವಳಿಯನ್ನು 2022ಕ್ಕೆ ಮುಂದೂಡುವುದು ಅನಿವಾರ್ಯವಾಯಿತು. ಸಾಂಕ್ರಾಮಿಕದ ಭಯ ಹುಸಿಯಾಗಿರಲಿಲ್ಲ. ತಿಂಗಳುಗಟ್ಟಲೆ ಮನೆಬಿಟ್ಟು ಪ್ರತ್ಯೇಕವಾಸದಲ್ಲಿದ್ದ ಆಟಗಾರರ ಬೇಸರವೂ ಹುಸಿಯಲ್ಲ. ಆದರೆ ಅದೇ ಅವಧಿಯಲ್ಲಿ ಕ್ಲಬ್ಬುಗಳ ಪಂದ್ಯಗಳು ನಿಲ್ಲಲಿಲ್ಲ, ಆರಿಜಿನ್ ಪಂದ್ಯಗಳೂ ನಿಲ್ಲಲಿಲ್ಲ. 2019ರ ನವೆಂಬರ್ 2ರಂದು ಟೋಂಗಾದ ಎದುರು 16ಕ್ಕೆ 12ರಂತೆ ಸೋತ ಆಸ್ಟ್ರೇಲಿಯ ತಂಡ ಮತ್ತೆ ಮೈದಾನಕ್ಕಿಳಿದುದು 2022ರ ಅಕ್ಟೋಬರಿನಲ್ಲಿ. ಜಗತ್ತಿನ ಅಗ್ರಗಣ್ಯ ತಂಡವೊಂದು ಮೂರು ವರ್ಷಗಳಿಗೆ ಕೆಲವೇ ದಿನ ಕಡಮೆಯ ಕಾಲ ಆಡಲೇ ಇಲ್ಲ! ಕ್ಷೇಮದ ತಕ್ಕಡಿ ಒಂದೇ ಕಡೆಗೆ ವಾಲುತ್ತಿದ್ದರೆ, ಅದರ ಕೆಳಗೆ ಯಾರದೋ ಬೆರಳಿದೆಯೆಂದು ಸಂಶಯಪಡುವುದು ತಪ್ಪಾಗಲಾರದು.

ಬೆರಳು ಹಣದ್ದು. ಆರಿಜಿನ್ ಪಂದ್ಯಗಳ ಚರಿತ್ರೆ ಇದಕ್ಕೆ ಕನ್ನಡಿ. 1980ರ ಜುಲೈ 8ರಂದು ಬ್ರಿಸ್ಬೇನಿನಲ್ಲಿ ಮೊದಲ ಸಲ, ಆಟಗಾರ ಯಾವ ಕ್ಲಬ್ಬಿನ ಸಂಬಳ ತಿನ್ನುತ್ತಾನೆಂಬುದನ್ನು ಬಿಟ್ಟು ಅವನು ಬೆಳೆದ ಸಂಸ್ಥಾನ ಯಾವುದೆಂಬುದನ್ನು ನೋಡಿ ತಂಡ ಆರಿಸಿದರು. ಕ್ವೀನ್ಸ್‌ಲೆಂಡಿನ ನಾಯಕ ಆರ್ಥರ್ ಬೀಟ್ಸನ್ ಆ ಪಂದ್ಯದಲ್ಲಿ ತನ್ನದೇ ಕ್ಲಬ್ಬಿನ ಜೊತೆಗಾರ ಮಿಕ್ ಕ್ರೋನಿನನ ಮೇಲೆ ಕೈಮಾಡಿದನೆಂಬುದು ಅಲ್ಲಿಯ ಜನ ಇಂದಿಗೂ ಸವಿದು ಹೇಳುವ ಕಥೆ. ಕ್ವೀನ್ಸ್‌ಲೆಂಡ್ 20ಕ್ಕೆ 10ರಂತೆ ಗೆದ್ದಿತು. ಈ ಪಂದ್ಯಗಳಿಗೂ ಕ್ಲಬ್ಬುಗಳು ಆಟಗಾರರನ್ನು ಬಿಟ್ಟುಕೊಡಬೇಕು. ವಾರದ ನಡುವೆ ಆಡಿದವರು ಎರಡು ಮೂರು ದಿನಗಳಲ್ಲೇ ಕ್ಲಬ್ಬಿನ ಕಣಕ್ಕಿಳಿಯುವುದೂ ಉಂಟು. ಶರೀರಶಾಸ್ತ್ರದ ದೃಷ್ಟಿಯಿಂದ ಟೆಸ್ಟ್ ಪಂದ್ಯಕ್ಕಿಂತ ಕಠಿನವಾದ ವ್ಯವಸ್ಥೆ ಇದು. ಆದರೂ ಅದನ್ನು ನಿಲ್ಲಿಸಬೇಕೆಂಬ ದನಿ ಕ್ಷೀಣ. ಅದು ಆಸ್ಟ್ರೇಲಿಯದ ದೂರದರ್ಶನದಲ್ಲಿ ಅತ್ಯಧಿಕ ಜನ ನೋಡುವ ಕಾರ್ಯಕ್ರಮಗಳಲ್ಲೊಂದು. ಅದರ ಆದಾಯ ಕ್ಲಬ್ಬುಗಳಿಗೂ ಹರಿದುಬರುತ್ತದೆ.

ಹಾಗಾದರೆ ದೇಶದ ಪಂದ್ಯಗಳಿಂದ ಆಟಕ್ಕೆ ದೊರೆಯುವುದೇನು? ಟೋಂಗಾದ ಜನಸಂಖ್ಯೆ ಸುಮಾರು ಒಂದು ಲಕ್ಷ. 2017ರಲ್ಲಿ ಜೇಸನ್ ಟೌಮಲೋಲೊ ನ್ಯೂಜಿಲೆಂಡಿನ ತಂಡವನ್ನು ಬಿಟ್ಟು, ಆಂಡ್ರೂ ಫಿಫಿಟ ಆಸ್ಟ್ರೇಲಿಯವನ್ನು ಬಿಟ್ಟು, ತಮ್ಮ ಹಿರಿಯರ ನಾಡಾದ ಟೋಂಗಾದ ಪರವಾಗಿ ಆಡಲು ನಿಶ್ಚಯಿಸಿದರು. ಹೆಚ್ಚಿನ ಸಂಭಾವನೆಯನ್ನು ಕಾಲಿನಿಂದ ಒದ್ದು ಹೋದವರು ಇವರು. ಅದೇ ನವೆಂಬರ್ 11ರಂದು ಟೋಂಗಾ ನ್ಯೂಜಿಲೆಂಡನ್ನು 28ಕ್ಕೆ 22ರಂತೆ ಸೋಲಿಸಿತು. 2022ರ ವಿಶ್ವಕಪ್ಪಿನಲ್ಲಿ ಸಮೋವ ಸೆಮಿಫೈನಲಿನಲ್ಲಿ ಇಂಗ್ಲೆಂಡನ್ನು ಒಂದೇ ಅಂಕದಿಂದ ಕೆಡವಿ ಫೈನಲ್ ಸೇರಿತು. ಅಲ್ಲಿ ಆಸ್ಟ್ರೇಲಿಯಕ್ಕೆ 30ಕ್ಕೆ 10ರಂತೆ ಸೋತಿತು. ಎರಡು ಮೂರು ನಗರಗಳ ಕ್ಲಬ್ಬುಗಳ ಆಟವಾಗಿ ಉಳಿಯಬಹುದಾಗಿದ್ದುದು ಒಂದು ಸಾಗರದ ದ್ವೀಪಗಳೆಲ್ಲದರ ಆಟವಾದುದು ಇಂಥ ಪಂದ್ಯಗಳಿಂದ. 2025ರಲ್ಲಿ ಆಸ್ಟ್ರೇಲಿಯ ತಂಡ 2003ರ ಬಳಿಕ ಮೊದಲ ಬಾರಿಗೆ ಆಷಸ್ ಆಡಲು ಇಂಗ್ಲೆಂಡಿಗೆ ಹೋಗಿ ಮೂರು ಟೆಸ್ಟುಗಳನ್ನೂ ಗೆದ್ದಿತು. ಇಪ್ಪತ್ತೆರಡು ವರ್ಷಗಳ ಅಂತರ! ಒಂದು ತಲೆಮಾರಿನ ಆಂಗ್ಲ ಹುಡುಗರು ಅದನ್ನು ಕಾಣದೆಯೇ ಬೆಳೆದರು.

ಇನ್ನು ನಮ್ಮ ಅಭಿಪ್ರಾಯ. ‘ಕ್ಲಬ್ಬೋ ದೇಶವೋ’ ಎಂದು ಕೇಳುವುದೇ ತಪ್ಪು ಲೆಕ್ಕ. ಇಲ್ಲಿ ಕೊರತೆಯಿರುವುದು ತಾರೀಖುಗಳಿಗಲ್ಲ, ಹಣಕ್ಕೂ ಅಲ್ಲ. ಮೈ ದುರಸ್ತಿಯಾಗುವ ಸಮಯಕ್ಕೆ. ಆದುದರಿಂದ ಮಿತಿಯನ್ನು ಹಾಕತಕ್ಕದ್ದು ಪಂದ್ಯಾವಳಿಗಳಿಗಲ್ಲ, ಆಟಗಾರನಿಗೆ. ಕ್ಲಬ್ಬು, ಸಂಸ್ಥಾನ, ದೇಶ ಎಲ್ಲವನ್ನೂ ಕೂಡಿಸಿ ಒಬ್ಬನಿಗೆ ವರ್ಷಕ್ಕೆ ಮೂವತ್ತು ಪಂದ್ಯ ಎಂದಿರಲಿ. ಈ ಮೂವತ್ತು ಎಂಬ ಸಂಖ್ಯೆಯನ್ನು ಯಾವ ಪ್ರಯೋಗಶಾಲೆಯೂ ಕೊಟ್ಟಿಲ್ಲ. ಅದು ನಮ್ಮ ಊಹೆಯ ಮಿತಿ, ಅನುಭವದಿಂದ ಇಪ್ಪತ್ತೆಂಟಾಗಬಹುದು, ಮೂವತ್ತೊಂದಾಗಬಹುದು. ಆ ಮೂವತ್ತರಲ್ಲಿ ಮೊದಲು ಮೂರು ಟೆಸ್ಟುಗಳನ್ನು ಬರೆದುಕೊಳ್ಳಬೇಕು. ಆಮೇಲೆ ಆರಿಜಿನ್ ಆಡುವವನಿಗೆ ಮೂರು. ಉಳಿದ ಇಪ್ಪತ್ತನಾಲ್ಕು ಕ್ಲಬ್ಬಿಗೆ. ಕ್ಲಬ್ಬಿಗೆ ಆಗುವ ನಷ್ಟ, ಅಂತಿಮ ಘಟ್ಟವೂ ಸೇರಿ, ಹೆಚ್ಚೆಂದರೆ ನಾಲ್ಕು ಪಂದ್ಯ. ಆ ನಾಲ್ಕರಲ್ಲಿ ಪಟ್ಟಿಯ ಕೊನೆಯಲ್ಲಿರುವ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿಗೆ ಅವಕಾಶ ಸಿಕ್ಕಿದರೆ ಅದು ನಷ್ಟವೆ?

ದೇಶಕ್ಕೆ ಮೊದಲ ಸ್ಥಾನವೇಕೆಂದು ಕೇಳಬಹುದು. ಕಡಮೆಯಿರುವುದನ್ನು ಮೊದಲು ತೆಗೆದಿಡದಿದ್ದರೆ ಹೆಚ್ಚಿರುವುದು ಅದನ್ನು ನುಂಗಿಬಿಡುತ್ತದೆ. ಇಷ್ಟು ವರ್ಷ ಆಗಿರುವುದು ಅದೇ. ಆದರೆ ಈ ಸ್ಥಾನ ದೇಶದ ತಂಡದವರ ಹಿರಿಮೆಗೆ ಸಲ್ಲುವ ಬಹುಮಾನವಲ್ಲ. ಎಂಟು ದಿನಗಳಲ್ಲಿ ಮೂರು ಟೆಸ್ಟುಗಳನ್ನು ಆಡಿಸಿದವರು ಕ್ಲಬ್ಬಿನವರಲ್ಲ ಎಂಬುದನ್ನು ನಾವು ಮರೆತಿಲ್ಲ.

ಗಾಯದ ನಷ್ಟವನ್ನು ತುಂಬಿಕೊಡುವ ದಾರಿಯೂ ಉಂಟು. ಕಾಲ್ಚೆಂಡಿನ ಜಗತ್ತಿನಲ್ಲಿ 2012ರಿಂದ, ದೇಶದ ಪರವಾಗಿ ಆಡುವಾಗ ಗಾಯಗೊಂಡವನ ಸಂಬಳವನ್ನು ಕ್ಲಬ್ಬಿಗೆ ತುಂಬಿಕೊಡುವ ವಿಮೆಯೊಂದನ್ನು ಫಿಫಾ ನಡೆಸುತ್ತಿದೆ. 2018ರ ವಿಶ್ವಕಪ್ಪಿಗೆ ಆಟಗಾರರನ್ನು ಕಳುಹಿಸಿದ ಕ್ಲಬ್ಬುಗಳಿಗೆ ಅದು 20 ಕೋಟಿ 90 ಲಕ್ಷ ಡಾಲರುಗಳನ್ನು ಹಂಚಿತು. ರಗ್ಬಿ ಲೀಗಿನ ಅಂತರರಾಷ್ಟ್ರೀಯ ಸಂಸ್ಥೆಯ ಬಳಿ ಅಷ್ಟು ಹಣವಿಲ್ಲ, ನಿಜ. ಆದರೆ ಆಸ್ಟ್ರೇಲಿಯದಲ್ಲಿ ಕ್ಲಬ್ಬುಗಳ ಪಂದ್ಯಾವಳಿ, ಆರಿಜಿನ್, ದೇಶದ ತಂಡ ಮೂರೂ 2012ರಿಂದ ಒಂದೇ ಆಯೋಗದ ಆಡಳಿತದಲ್ಲಿವೆ. ಬಲಗಿಸೆಯ ಹಣ ಎಡಗಿಸೆಗೆ ಹೋಗಲು ಎಷ್ಟು ಹೊತ್ತು ಬೇಕು?

ನಮ್ಮ ಸೂಚನೆಗೆ ವಿಜ್ಞಾನದ ಕಡೆಯಿಂದಲೇ ಒಂದು ಆಕ್ಷೇಪಣೆ ಬರಬಹುದು. ಆಸ್ಟ್ರೇಲಿಯದ ಕ್ರೀಡಾವಿಜ್ಞಾನಿ ಟಿಮ್ ಗ್ಯಾಬೆಟ್ 2016ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹೆಚ್ಚು ದುಡಿದು ಹದಗೊಂಡ ಮೈಗೆ ಗಾಯ ಕಡಮೆ, ಹೊರೆ ಇದ್ದಕ್ಕಿದ್ದಂತೆ ಏರಿದಾಗಲೇ ಅಪಾಯ ಎಂದು ವಾದಿಸಿದ್ದಾರೆ. ಅವರು ಬಳಸಿದ ಲೆಕ್ಕದ ವಿಧಾನವನ್ನು ಮುಂದೆ ಹಲವರು ಟೀಕಿಸಿದರೂ ಮೂಲ ವಿಚಾರದಲ್ಲಿ ಸತ್ಯಾಂಶವಿದೆ; ಮೂರು ತಿಂಗಳು ಮಂಚ ಹಿಡಿದವನು ಮೊದಲ ಓಟದಲ್ಲೇ ತೊಡೆಯ ಸ್ನಾಯು ಹರಿದುಕೊಳ್ಳುತ್ತಾನೆ. ಆದರೆ ಅದು ಸ್ನಾಯುವಿಗೆ ಸಲ್ಲುವ ಮಾತು. ಪೆಟ್ಟು ತಿಂದು ತಿಂದು ಮಿದುಳು ಹದಗೊಳ್ಳುವುದಿಲ್ಲ. ಓಟದ ಹೊರೆಯನ್ನೂ ಡಿಕ್ಕಿಯ ಹೊರೆಯನ್ನೂ ಬೇರೆಬೇರೆಯಾಗಿ ಎಣಿಸಬೇಕು. ವಿಶ್ರಾಂತಿಯ ವಾರದಲ್ಲಿ ಓಡಲಿ, ಡಿಕ್ಕಿ ಹೊಡೆಯದಿರಲಿ. ಆ ಎಣಿಕೆಯ ಪುಸ್ತಕ ಕ್ಲಬ್ಬಿನ ವೈದ್ಯನ ಕೈಯಲ್ಲೂ ದೇಶದ ತಂಡದ ವೈದ್ಯನ ಕೈಯಲ್ಲೂ ಇರದೆ, ಇಬ್ಬರಿಂದಲೂ ಸಂಬಳ ಪಡೆಯದ ಮೂರನೆಯವನ ಕೈಯಲ್ಲಿರಬೇಕು. ಎಲ್ಲಿ ಆಡಿದರೂ ಪುಸ್ತಕ ಆಟಗಾರನ ಹಿಂದೆ ಹೋಗಬೇಕು.

ಇಂಥ ನಿಯಮ ಆಗದ ಕೆಲಸವೇನೂ ಅಲ್ಲ. ತಲೆಗೆ ಪೆಟ್ಟಾಗಿ ಮಿದುಳು ಅದುರಿತೆಂದು ವೈದ್ಯರು ನಿರ್ಣಯಿಸಿದವನು ಹನ್ನೊಂದು ದಿನ ಆಡಕೂಡದೆಂದು 2023ರಲ್ಲಿ ಎನ್.ಆರ್.ಎಲ್. ನಿಯಮ ಮಾಡಿತು. ವಾರಕ್ಕೊಂದು ಪಂದ್ಯದ ಲೆಕ್ಕದಲ್ಲಿ ಅವನು ಮುಂದಿನ ಪಂದ್ಯವನ್ನು ತಪ್ಪಿಸಿಕೊಳ್ಳುವುದು ಬಹುತೇಕ ಖಂಡಿತ. ಇಂಗ್ಲೆಂಡಿನಲ್ಲಿ 2025ರ ಋತುವಿನಿಂದ ಟ್ಯಾಕಲ್ ಮಾಡಬಹುದಾದ ಎತ್ತರವನ್ನು ಭುಜದಿಂದ ಕಂಕುಳ ಮಟ್ಟಕ್ಕೆ ಇಳಿಸಿದ್ದಾರೆ. ಆಟ ಕೆಟ್ಟಿತೆಂದು ಗೊಣಗಿದವರುಂಟು. ಆಟ ನಡೆಯುತ್ತಲೇ ಇದೆ.

ಆ ಹನ್ನೊಂದು ದಿನಗಳ ನಿಯಮವನ್ನು 1914ರ ಪಂಚಾಂಗದ ಮೇಲೆ ಇಟ್ಟು ನೋಡಿದೆವು. ಜೂನ್ 27ರ ಮೊದಲ ಟೆಸ್ಟಿನಲ್ಲಿ ತಲೆಗೆ ಪೆಟ್ಟು ಬಿದ್ದವನೊಬ್ಬನು ಜುಲೈ 8ರ ವರೆಗೆ ಅಂಗಿ ತೊಡುವಂತಿರಲಿಲ್ಲ. ಅಷ್ಟರಲ್ಲಿ ಮೂರನೆಯ ಟೆಸ್ಟ್ ಮುಗಿದು ನಾಲ್ಕು ದಿನಗಳಾಗಿರುತ್ತಿದ್ದುವು.